ಬಲ್ಲವರು ಊರಲ್ಲಿ ಇರುವಾಗಲೇ ಕಲಿಯೋಣ

ಕೇಳುಗರಿಗೆ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡು ಕೂತವರು ಯಾರು ಅಂತ ನನಗೆ ಅಂದಾಜಿದೆ. ತೀರ್ಥಹಳ್ಳಿ, ಸಾಗರದ ಕಡೆ ಅಡಿಕೆ ಸುಲಿಯುತ್ತಾ ಕೇಳುತ್ತಿರುವವರು ಇದ್ದೀರಿ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಪಾಳಿ ಮುಗಿಸಿ ಕೈ ತೊಳೆಯುತ್ತಿರುವವರು ಇದ್ದೀರಿ. ಭದ್ರಾವತಿಯ ನ್ಯೂ ಟೌನ್, ಪೇಪರ್ ಟೌನ್, ಹಳೇನಗರದ ಜಗಲಿಗಳ ಮೇಲೆ ಕೂತ ನಿವೃತ್ತರು ಇದ್ದೀರಿ. ನನ್ನ ಮಾತು ಎಲ್ಲರಿಗೂ. ಆದರೆ ಜಾಸ್ತಿ ಆ ಜಗಲಿಯವರಿಗೆ, ಅವರ ಮೊಮ್ಮಕ್ಕಳಿಗೆ.

ನಾನು ಲೋಹಶಾಸ್ತ್ರ ಪಾಠ ಮಾಡಿದವನು. ಕಬ್ಬಿಣ, ಉಕ್ಕು, ಎರಕ, ಇದೇ ನನ್ನ ಬದುಕು. ಹಾಗಾಗಿ ಎಲ್ಲಿಗೆ ಹೋದರೂ ಒಂದೇ ಪ್ರಶ್ನೆ ಎದುರಾಗುತ್ತದೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಿರುತ್ತೇನೆ. ಅನ್ನ ಬಡಿಸುವ ಮೊದಲೇ ಪಕ್ಕದ ಎಲೆಯವರು ಕೇಳುತ್ತಾರೆ, "ಮೇಷ್ಟ್ರೇ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮತ್ತೆ ಪೂರ್ತಿ ಶುರುವಾಗುತ್ತಾ? ಯಾವಾಗ?"

ಕೇಳುವವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಇದೇ ಪ್ರಶ್ನೆ ಕೇಳುತ್ತಾ ನಾವು ಎಷ್ಟು ವರ್ಷ ಕಳೆದೆವು! ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಆ ಕಾರ್ಖಾನೆಯಲ್ಲಿ ಕೆಲಸ ಕಲಿತವರು ಇನ್ನೂ ಎಷ್ಟು ಜನ ಊರಲ್ಲಿದ್ದಾರೆ? ಅವರಿಗೀಗ ವಯಸ್ಸೆಷ್ಟು? ಅವರ ಹತ್ತಿರ ಯಾರಾದರೂ ಕಲಿಯುತ್ತಿದ್ದಾರಾ?

ಇವತ್ತು ನಾನು ಹೇಳಬೇಕಾಗಿರುವುದು ಇದೊಂದೇ. ಕೆಲಸ ಬಲ್ಲವರು ಊರಲ್ಲಿ ಇರುವಾಗಲೇ ಅವರಿಂದ ಕಲಿಯಬೇಕು. ಊರು ಎದ್ದು ನಿಲ್ಲುವುದು ಅಲ್ಲಿಂದಲೇ.

ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ನಮ್ಮ ಮಕ್ಕಳಿಗೆ ಇದು ಗೊತ್ತಿರುವುದು ಕಡಿಮೆ. ಭದ್ರಾ ನದಿ ದಡದ ಸಣ್ಣ ಊರು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ, ಸುತ್ತ ಕಾಡು, ಒಂದಿಷ್ಟು ಗದ್ದೆ. ಅಲ್ಲಿಗೆ ಕಬ್ಬಿಣದ ಕಾರ್ಖಾನೆ ಬರಬೇಕು ಅಂತ ಹಟ ಹಿಡಿದವರು ದಿವಾನ್ ವಿಶ್ವೇಶ್ವರಯ್ಯನವರು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಲ್ಲಿತ್ತು. ನೀರು ಭದ್ರೆಯಲ್ಲಿತ್ತು. ಕಲ್ಲಿದ್ದಲು ಮಾತ್ರ ಹತ್ತಿರದಲ್ಲಿ ಎಲ್ಲೂ ಇರಲಿಲ್ಲ. ಹಾಗಾದರೆ ಕಾಡಿನ ಸೌದೆ ಸುಟ್ಟು ಇದ್ದಿಲು ಮಾಡೋಣ, ಅದರಲ್ಲೇ ಅದಿರು ಕರಗಿಸೋಣ ಅಂದರು. ಸೌದೆ ಸುಡುವಾಗ ಬರುವ ಹೊಗೆಯನ್ನೂ ಬಿಡಲಿಲ್ಲ. ಅದನ್ನು ತಣಿಸಿ ಟಾರು, ಮದ್ಯಸಾರ ತೆಗೆದರು. 1923ರ ಜನವರಿಯಲ್ಲಿ ಅದಿರು ಕರಗಿಸುವ ಊದುಕುಲುಮೆ ಹೊತ್ತಿತು. ಬೆಂಕಿಪುರಕ್ಕೆ ನಿಜವಾದ ಬೆಂಕಿ ಬಂತು.

ಆಮೇಲೆ ನಡೆದದ್ದನ್ನು ಗಮನಿಸಿ. ಶುರುವಿನಲ್ಲಿ ಕಾರ್ಖಾನೆಗೆ ಒಳ್ಳೇ ದಿನಗಳೇನೂ ಇರಲಿಲ್ಲ. ಕಬ್ಬಿಣದ ಬೆಲೆ ಬಿದ್ದಿತ್ತು, ನಷ್ಟ ಆಗುತ್ತಿತ್ತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ ಮತ್ತೆ ಬಂದು 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕೂತರು. ಹೊರದೇಶದಿಂದ ಬಂದಿದ್ದ ತಜ್ಞರ ಜಾಗಕ್ಕೆ ನಮ್ಮ ಹುಡುಗರನ್ನೇ ತಯಾರು ಮಾಡಿದರು. ನೋಡಿ, ಅವರು ಸುಮ್ನೆ ಯಂತ್ರ ತಂದು ಇಡಲಿಲ್ಲ. ಬಲ್ಲವರು ಊರಲ್ಲಿ ಇರುವಾಗಲೇ ಅವರಿಂದ ಇಲ್ಲಿನವರು ಕಲಿಯುವ ಹಾಗೆ ಮಾಡಿದರು. ಕಾರ್ಖಾನೆ ಉಳಿದದ್ದು ಹಾಗೆ.

1936ರಲ್ಲಿ ಕಾಗದ ಕಾರ್ಖಾನೆ ಬಂತು. ಉಕ್ಕು ಬಂತು, ಸಿಮೆಂಟು ಬಂತು. ಜೋಗದ ಕರೆಂಟು ಬಂದ ಮೇಲೆ ವಿದ್ಯುತ್ ಕುಲುಮೆಗಳು ಬಂದವು. ತಮಿಳು, ತೆಲುಗು, ಮಲೆಯಾಳ, ಉರ್ದು ಮಾತಾಡುವವರು ಬಂದು ನೆಲೆಸಿದರು. ಒಂದೇ ಬೀದಿಯಲ್ಲಿ ನಾಲ್ಕು ಭಾಷೆ. ಗಟ್ಟಿ ಉಕ್ಕು, ಮಿಶ್ರ ಉಕ್ಕು ಬೇಕಾದವರು ಭದ್ರಾವತಿಯ ಹೆಸರು ಹೇಳುತ್ತಿದ್ದ ಕಾಲ ಅದು.

ಇಳಿಗಾಲದ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಲ್ಲಿದ್ದಲು ದೂರದಿಂದ ಬರಬೇಕು. ತನ್ನದೇ ಅಂತ ಗಣಿ ಉಳಿಯಲಿಲ್ಲ. ಹಳೇ ಯಂತ್ರಕ್ಕೆ ಹೊಸ ಬಂಡವಾಳ ಇಲ್ಲ. 2015ರ ಹೊತ್ತಿಗೆ ಕಾಗದ ಕಾರ್ಖಾನೆಯ ಚಕ್ರ ನಿಂತಿತು. 1989ರಿಂದ ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರದ, ಅಂದರೆ ಸೇಲ್‌ನ, ಕೈಯಲ್ಲಿದ್ದ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದದ್ದು 2023ರ ಜನವರಿಯಲ್ಲಿ. ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷ ತುಂಬಿದ ತಿಂಗಳು. ನಮ್ಮ ಜನ ಬೀದಿಗಿಳಿದರು, ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಅದು ನ್ಯಾಯವಾದ ಹೋರಾಟ. ಆ ಬಗ್ಗೆ ನನಗೆ ಎರಡು ಮಾತಿಲ್ಲ. ಕಾರ್ಖಾನೆ ಉಳಿದರೆ, ಬೆಳೆದರೆ, ಮೊದಲು ಕುಣಿಯುವವನು ನಾನೇ.

ಆದರೆ ಕಾಯುವುದು ಒಂದು ಕೆಲಸ ಅಲ್ಲವಲ್ಲ!

ಕೋಲಾರದ ಚಿನ್ನದ ಗಣಿಯನ್ನು ನೆನಪಿಸಿಕೊಳ್ಳಿ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಕೆಲಸ ಮಾಡಿದ ಜನ ಅವರು. ಅಂಥ ಕಸುಬು ಗೊತ್ತಿದ್ದವರು ದೇಶದಲ್ಲೇ ವಿರಳ. ಗಣಿ ಇವತ್ತು ತೆರೆಯುತ್ತದೆ, ನಾಳೆ ತೆರೆಯುತ್ತದೆ ಅಂತ ಕಾದರು. ಈಗ ಅವರ ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ರಾತ್ರಿ ವಾಪಸ್ ಬರುತ್ತಾರೆ. ಸುರಂಗಕ್ಕೆ ಆಸರೆ ಕಟ್ಟುವುದು ಹೇಗೆ, ಬಂಡೆಯ ಸದ್ದು ಕೇಳಿ ಅಪಾಯ ತಿಳಿಯುವುದು ಹೇಗೆ, ಇದೆಲ್ಲ ಗೊತ್ತಿದ್ದ ಹಿರಿಯರು ಒಬ್ಬೊಬ್ಬರಾಗಿ ಹೋದರು. ನಾಳೆ ಗಣಿ ತೆರೆದರೂ ಆ ವಿದ್ಯೆಯನ್ನು ಎಲ್ಲಿಂದ ತರುವುದು? ಭದ್ರಾವತಿಗೆ ಹಾಗಾಗಬಾರದು. ನಮಗಿನ್ನೂ ಹತ್ತು ವರ್ಷ ಟೈಮಿದೆ. ಹತ್ತೇ ವರ್ಷ.

ಈಗ ನನ್ನ ಕಣ್ಣೆದುರು ನಡೆದ ಒಂದು ಸಂಗತಿ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಆದರೂ ಪೂರ್ತಿ ಹೇಳುತ್ತೇನೆ. ನನ್ನ ಯೋಚನೆ ಬದಲಾಗಿದ್ದು ಅವತ್ತು.

ಒಂದು ಆಷಾಢ ಮಾಸ. ಮಳೆ ಅಂದರೆ ಮಳೆ. ಮಾಚೇನಹಳ್ಳಿ ಕಡೆ ಸಣ್ಣ ಫೌಂಡ್ರಿ, ಅಂದರೆ ಎರಕದ ಕಾರ್ಖಾನೆ, ನಡೆಸುವ ಗೆಳೆಯರೊಬ್ಬರು ಫೋನ್ ಮಾಡಿದರು. ಧ್ವನಿಯಲ್ಲೇ ಗಾಬರಿ. "ಸಾರ್, ಮಾಲು ವಾಪಸ್ ಬರ್ತಿದೆ. ಎರಕದಲ್ಲಿ ಗುಳ್ಳೆ. ಹೀಗೇ ಆದರೆ ಬಾಗಿಲು ಹಾಕಬೇಕು." ನೀರೆತ್ತುವ ಪಂಪಿನ ಮೈಯನ್ನು ಅವರು ಎರಕ ಹೊಯ್ಯುತ್ತಿದ್ದರು. ಹೊರಗಿನಿಂದ ನೋಡಿದರೆ ಚೆಂದ. ಗಿರಾಕಿಯ ಕಡೆ ಲೇತಿಗೆ ಹಾಕಿ ಒಂದು ಪದರ ಕೆರೆದ ತಕ್ಷಣ ಒಳಗೆ ಕಡಲೆ ಕಾಳಿನಷ್ಟು ತೂತುಗಳು. ಹತ್ತರಲ್ಲಿ ಮೂರು ವಾಪಸ್.

ನಾನು ಹೋದೆ. ಓದಿದವನು ಮೊದಲು ಏನು ಮಾಡುತ್ತಾನೆ? ಲೋಹ ಪರೀಕ್ಷೆ ಮಾಡುತ್ತಾನೆ. ಇಂಗಾಲ ಎಷ್ಟು, ಸಿಲಿಕಾನ್ ಎಷ್ಟು, ಗಂಧಕ ಎಷ್ಟು, ಎಲ್ಲ ನೋಡಿದೆವು. ಎಲ್ಲ ಸರಿಯಾಗಿತ್ತು. ಹೊಯ್ಯುವ ಬಿಸಿ ನೋಡಿದೆವು. ಸರಿಯಾಗಿತ್ತು. ಎರಡು ದಿನ ಕಾಗದ, ಲೆಕ್ಕ, ಚರ್ಚೆ. ಗುಳ್ಳೆ ಮಾತ್ರ ಹೋಗಲಿಲ್ಲ.

ಮೂರನೇ ದಿನ ಮಧ್ಯಾಹ್ನ ಒಬ್ಬ ಹಿರಿಯರು ಕೊಡೆ ಮಡಚಿಕೊಂಡು ಒಳಗೆ ಬಂದರು. ಅಲ್ಲಿ ಲೆಕ್ಕ ಬರೆಯುವ ಹುಡುಗಿಯ ಅಜ್ಜ. ಮೊಮ್ಮಗಳಿಗೆ ಊಟದ ಡಬ್ಬಿ ತಂದಿದ್ದರು, ಅಷ್ಟೇ. ಭದ್ರಾವತಿಯಲ್ಲಿ ಎರಕದ ವಿಭಾಗದಲ್ಲಿ ಮೋಲ್ಡರ್, ಅಂದರೆ ಅಚ್ಚು ಮಾಡುವವರು, ಆಗಿದ್ದು ನಿವೃತ್ತರಾದವರು. ನಮ್ಮ ಮುಖ ನೋಡಿ ಏನೋ ತೊಂದರೆ ಇದೆ ಅಂತ ಗೊತ್ತಾಯಿತು. ಏನು ಅಂತ ಕೇಳಿದರು. ಹೇಳಿದೆವು. ಅವರು ನಮ್ಮ ಕಾಗದ ಕೇಳಲಿಲ್ಲ. ಡಬ್ಬಿ ಕೆಳಗಿಟ್ಟು, ಪಂಚೆ ಎತ್ತಿ ಕಟ್ಟಿ, ನೇರ ಮರಳಿನ ರಾಶಿಯ ಹತ್ತಿರ ಹೋದರು.

ಕೇಳುಗರಿಗೆ ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಎರಕ ಹೊಯ್ಯುವುದು ಮರಳಿನ ಅಚ್ಚಿನಲ್ಲಿ. ಮರಳಿಗೆ ಸ್ವಲ್ಪ ಜೇಡಿ, ಸ್ವಲ್ಪ ನೀರು ಕಲಸುತ್ತಾರೆ. ನೀರು ಕಡಿಮೆಯಾದರೆ ಅಚ್ಚು ಉದುರುತ್ತದೆ. ಜಾಸ್ತಿಯಾದರೆ ಇನ್ನೊಂದು ಕಷ್ಟ. ಕರಗಿದ ಕಬ್ಬಿಣ ಸಾವಿರದ ಮುನ್ನೂರು ಡಿಗ್ರಿಗೂ ಮೇಲೆ ಕಾದಿರುತ್ತದೆ. ಅದು ಮುಟ್ಟಿದ ಕೂಡಲೇ ಮರಳಿನ ನೀರು ಆವಿಯಾಗುತ್ತದೆ. ಹೆಂಚಿನ ಮೇಲೆ ರೊಟ್ಟಿ ಉಬ್ಬುವುದನ್ನು ನೋಡಿದ್ದೀರಲ್ಲ, ಅದೇ ಆವಿ. ಹೊರಗೆ ಹೋಗಲು ದಾರಿ ಸಿಗದಿದ್ದರೆ ಅದು ಕಬ್ಬಿಣದೊಳಗೇ ನುಗ್ಗುತ್ತದೆ. ಕಬ್ಬಿಣ ಗಟ್ಟಿಯಾದಾಗ ಗುಳ್ಳೆ ಒಳಗೇ ಉಳಿಯುತ್ತದೆ.

ಹಿರಿಯರು ಒಂದು ಹಿಡಿ ಮರಳು ತೆಗೆದುಕೊಂಡರು. ಮುಷ್ಟಿ ಬಿಗಿ ಮಾಡಿ ಒತ್ತಿದರು. ಕೈ ಬಿಚ್ಚಿದರೆ ಮರಳು ನಮ್ಮ ಅಕ್ಕಿ ಕಡುಬಿನ ಹಾಗೆ ನಿಂತಿತ್ತು, ಬೆರಳಿನ ಗುರುತು ಸಮೇತ. ಅದನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಮುರಿದರು. ಮುರಿದ ಅಂಚು ನೋಡಿದರು. ಅಂಗೈ ನೋಡಿಕೊಂಡರು. ಅಂಗೈಯಲ್ಲಿ ಒದ್ದೆ ಮರಳು ಅಂಟಿಕೊಂಡಿತ್ತು. "ಮುರಿದರೆ ಟಕ್ ಅನ್ನಬೇಕು. ಇದು ಹಿಟ್ಟಿನ ಹಾಗೆ ಹರೀತಾ ಇದೆ. ನೀರು ಯಾರು ಹಾಕೋದು?" ಅಂದರು.

ನೀರು ಹಾಕುವ ಹುಡುಗ ಮುಂದೆ ಬಂದ. ಬೇಸಗೆಯಲ್ಲಿ ಎಷ್ಟು ಡಬ್ಬ ಹಾಕುತ್ತಿದ್ದನೋ ಮಳೆಗಾಲದಲ್ಲೂ ಅಷ್ಟೇ ಡಬ್ಬ ಹಾಕುತ್ತಿದ್ದ. ಅವನದೇನೂ ತಪ್ಪಿಲ್ಲ. ಇಷ್ಟು ಹಾಕು ಅಂತ ಗೋಡೆ ಮೇಲೆ ಬರೆದಿತ್ತು, ಹಾಕಿದ. ಆದರೆ ನಮ್ಮ ಮಲೆನಾಡಿನ ಆಷಾಢದಲ್ಲಿ ಮರಳು ತಾನಾಗಿಯೇ ನೀರು ಕುಡಿದಿರುತ್ತದೆ! ರಾಶಿಯ ಒಂದು ಮೂಲೆಗೆ ಶೀಟಿನ ಸಂದಿಯಿಂದ ಇರಚಲು ಬೇರೆ ಬೀಳುತ್ತಿತ್ತು. ಅದನ್ನು ಹಿರಿಯರೇ ತೋರಿಸಿದರು. ನಾವು ಮೂರು ದಿನ ಅದರ ಪಕ್ಕದಲ್ಲೇ ಓಡಾಡಿದ್ದೆವು.

ಸಂಜೆವರೆಗೂ ಅವರು ಅಲ್ಲೇ ಉಳಿದರು. ಹುಡುಗನ ಕೈಯಲ್ಲಿ ಮರಳು ಕೊಟ್ಟು ಹಿಸುಕಿಸಿದರು. "ಇನ್ನೂ ಒದ್ದೆ. ಒಣ ಮರಳು ಸೇರಿಸು. ಈಗ ಹಿಸುಕು. ಈಗ ಮುರಿ. ಸದ್ದು ಕೇಳಿಸ್ತಾ?" ಹತ್ತು ಸಲ, ಹದಿನೈದು ಸಲ. ಆಮೇಲೆ ಅಚ್ಚಿಗೆ ತೆಳು ಕಂಬಿಯಿಂದ ಆವಿ ಹೋಗುವ ಸಣ್ಣ ರಂಧ್ರ ಚುಚ್ಚುವುದನ್ನು ತೋರಿಸಿದರು. ಎಷ್ಟು ಆಳಕ್ಕೆ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಜಾಸ್ತಿ ಬೇಕು ಅಂತ ಹೇಳಿಕೊಟ್ಟರು. ಮರುದಿನದ ಎರಕವನ್ನು ನಾವೇ ಕೊಯ್ದು ನೋಡಿದೆವು. ಗುಳ್ಳೆ ಇರಲಿಲ್ಲ.

ಹೊರಡುವಾಗ ನಾನು ಕೇಳಿದೆ, "ಯಜಮಾನರೇ, ಇದನ್ನು ನಿಮಗೆ ಯಾರು ಕಲಿಸಿದ್ದು?" "ನಮ್ಮಪ್ಪ ಕೂಡ ಅಲ್ಲೇ ಮೋಲ್ಡರ್. ಅವರಿಗೆ ಅವರ ಮೇಸ್ತ್ರಿ" ಅಂದರು. "ನೀವು ಯಾರಿಗೆ ಕಲಿಸಿದ್ದೀರಿ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಯಾರೂ ಕೇಳಲಿಲ್ಲ ಮೇಷ್ಟ್ರೇ" ಅಂದರು.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅವರ ಮನೆಯಿಂದ ಮಾಚೇನಹಳ್ಳಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು ಆದೀತು? ಒಂದು ಕಡೆ ಕೆಲಸ ಬಲ್ಲವರು ಜಗಲಿ ಮೇಲೆ ಕೂತಿದ್ದಾರೆ. ಇನ್ನೊಂದು ಕಡೆ ಕೆಲಸ ಬಲ್ಲವರು ಸಿಗಲ್ಲ ಅಂತ ಮಾಲೀಕರು ಗೋಳಾಡುತ್ತಾರೆ. ನಡುವೆ ಇರುವ ಹುಡುಗರು ಬೆಂಗಳೂರಿನಲ್ಲಿ ಪಾರ್ಸೆಲ್ ಹಂಚುತ್ತಿದ್ದಾರೆ. ಈ ಮೂವರನ್ನು ಒಂದೇ ಬೆಂಚಿನ ಮೇಲೆ ಕೂರಿಸಿದರೆ ಸಾಕು. ದೊಡ್ಡ ಬಂಡವಾಳ ಬೇಡ, ಜಮೀನು ಬೇಡ, ಶಂಕುಸ್ಥಾಪನೆಯ ಕಲ್ಲು ಬೇಡ.

ದಾರಿ ಈಗಾಗಲೇ ಇದೆ. 1961ರಷ್ಟು ಹಿಂದೆಯೇ ಅಪ್ರೆಂಟಿಸ್ ಕಾಯ್ದೆ ಬಂದಿದೆ. ಕಲಿಯುವ ಹುಡುಗನಿಗೆ ತಿಂಗಳ ಭತ್ಯೆ ಕೊಟ್ಟು ಕೆಲಸದ ಜಾಗದಲ್ಲೇ ಕಲಿಸಬೇಕು ಅನ್ನುವ ಕಾಯ್ದೆ. ಭತ್ಯೆಯ ಒಂದು ಪಾಲನ್ನು ಸರ್ಕಾರವೇ ಕೊಡುವ ಯೋಜನೆಯೂ ಇದೆ. ಸರ್ಟಿಫಿಕೇಟು ಇಲ್ಲದೆ ಕೆಲಸ ಕಲಿತವರಿಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡುವ ವ್ಯವಸ್ಥೆಯೂ ಇದೆ. ಫೌಂಡ್ರಿ ಮಾಲೀಕರೇ, ದಯವಿಟ್ಟು ಇದನ್ನು ಬಳಸಿ. ವಾರಕ್ಕೆ ಎರಡು ದಿನ ಒಬ್ಬ ನಿವೃತ್ತರನ್ನು ಕರೆಸಿ, ಅವರಿಗೆ ಗೌರವವಾಗಿ ದುಡ್ಡು ಕೊಡಿ, ಇಬ್ಬರು ಹುಡುಗರನ್ನು ಅವರ ಹಿಂದೆ ಬಿಡಿ. ಖರ್ಚು ಜಾಸ್ತಿ ಅನ್ನಬೇಡಿ. ವಾಪಸ್ ಬಂದ ಒಂದು ಲೋಡು ಮಾಲಿನ ಲೆಕ್ಕ ಹಾಕಿ ನೋಡಿ, ಆಮೇಲೆ ಮಾತಾಡೋಣ.

ಐಟಿಐ, ಪಾಲಿಟೆಕ್ನಿಕ್ ನಡೆಸುವವರಿಗೂ ಇದೇ ಮಾತು. ಮೇಷ್ಟ್ರಿಗೆ ಡಿಗ್ರಿ ಇರಬೇಕು, ಸರಿ. ಆದರೆ ವರ್ಕ್‌ಶಾಪಿನ ಬಾಗಿಲನ್ನು ಡಿಗ್ರಿ ಇಲ್ಲದ ಆ ಹಿರಿಯರಿಗೂ ತೆರೆಯಿರಿ. ಉಕ್ಕನ್ನು ಸಾಣೆ ಚಕ್ರಕ್ಕೆ ಒತ್ತಿ, ಹಾರುವ ಕಿಡಿ ನೋಡಿಯೇ ಅದು ಯಾವ ಜಾತಿಯ ಉಕ್ಕು ಅಂತ ಹೇಳುವವರು ನಮ್ಮಲ್ಲಿದ್ದಾರೆ. ಇಂಗಾಲ ಜಾಸ್ತಿ ಇದ್ದರೆ ಕಿಡಿ ಹೂವಿನ ಹಾಗೆ ಒಡೆಯುತ್ತದೆ. ಟಂಗ್‌ಸ್ಟನ್ ಇದ್ದರೆ ಕೆಂಪಗೆ, ಮಂಕಾಗಿ ಎಳೆ ಎಳೆಯಾಗಿ ಹೋಗುತ್ತದೆ. ಇದನ್ನು ಪುಸ್ತಕದಲ್ಲಿ ಓದಬಹುದು. ಕಣ್ಣಿಗೆ ರೂಢಿಯಾಗಬೇಕಾದರೆ ಬಲ್ಲವರ ಪಕ್ಕದಲ್ಲೇ ನಿಲ್ಲಬೇಕು. ನಮ್ಮ ಸಾಗರ, ಸೊರಬದ ಗುಡಿಗಾರರನ್ನು ನೋಡಿ. ಗಂಧದ ಕೆತ್ತನೆ ಇಷ್ಟು ಶತಮಾನ ಉಳಿದದ್ದು ಹೇಗೆ? ಮಕ್ಕಳು ಅಪ್ಪನ ಪಕ್ಕದಲ್ಲಿ ಉಳಿ ಹಿಡಿದು ಕೂತರು. ಕಬ್ಬಿಣಕ್ಕೂ ಅದೇ ನಿಯಮ.

ಕಲಿತು ಏನು ಮಾಡುವುದು, ಗಿರಾಕಿ ಎಲ್ಲಿ, ಅಂತ ಯುವಕರು ಕೇಳುತ್ತಾರೆ. ಗಿರಾಕಿ ನಿಮ್ಮ ಮನೆ ಹಿತ್ತಿಲಲ್ಲೇ ಇದ್ದಾರಪ್ಪ! ಈಗ ರೇಡಿಯೋ ಕೇಳುತ್ತಾ ಅಡಿಕೆ ಸುಲಿಯುತ್ತಿರುವವರನ್ನು ಕೇಳಿ. ಸುಲಿಯುವ ಯಂತ್ರದ ಬ್ಲೇಡು ಸೀಸನ್ ನಡುವೆ ಮುರಿದರೆ ಎಷ್ಟು ದಿನ ಕಾಯಬೇಕು? ಬೇಯಿಸುವ ಒಲೆ, ಔಷಧಿ ಹೊಡೆಯುವ ಪಂಪು, ಕಳೆ ಕತ್ತರಿಸುವ ಯಂತ್ರ, ಮೆಣಸಿನ ಕಾಳು ಬಿಡಿಸುವ ಯಂತ್ರ, ಒಂದೊಂದರ ಬಿಡಿಭಾಗಕ್ಕೂ ಪರದಾಟ. ಕೊಪ್ಪ, ಶೃಂಗೇರಿ, ಹೊಸನಗರ, ಶಿರಸಿವರೆಗೂ ಇದೇ ಕಥೆ. ಬೆಟ್ಟದ ಇಳಿಜಾರಿನ ತೋಟಕ್ಕೆ ಎಂಥ ಯಂತ್ರ ಬೇಕು ಅಂತ ದೂರದ ಊರಿನವರಿಗೆ ಗೊತ್ತಾಗಲ್ಲ. ಭದ್ರಾವತಿಯವರಿಗೆ ಗೊತ್ತು. ಒಳ್ಳೇ ಉಕ್ಕು ಯಾವುದು, ಅದನ್ನು ಹದ ಮಾಡುವುದು ಹೇಗೆ, ಅದೂ ಅವರಿಗೇ ಗೊತ್ತು. ತೋಟದವರು ಮತ್ತು ಕುಲುಮೆಯವರು ಒಟ್ಟಿಗೆ ಕೂತು ಮಾತಾಡಿದ್ದೇ ಕಡಿಮೆ. ಅದು ಶುರುವಾಗಲಿ.

ನನಗೆ ಕೊಟ್ಟ ಸಮಯ ಓಡುತ್ತಿದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಕೆಲವರು ದಾವಣಗೆರೆ ತೋರಿಸುತ್ತಾರೆ. ಹತ್ತಿ ಗಿರಣಿ ಹೋದವು, ಕಾಲೇಜುಗಳು ಬಂದವು, ಊರು ಉಳಿಯಿತಲ್ಲ ಅನ್ನುತ್ತಾರೆ. ಊರು ಉಳಿಯಿತು, ನಿಜ. ಆದರೆ ಮಗ್ಗ ಬಲ್ಲವರ ವಿದ್ಯೆ ಮಗ್ಗದ ಜೊತೆಗೇ ಹೋಯಿತು. ನಾನು ಅಷ್ಟಕ್ಕೆ ತೃಪ್ತಿ ಪಡುವವನಲ್ಲ. ಇನ್ನು ಕೆಲವರು ಜರ್ಮನಿಯ ಡೂಯಿಸ್‌ಬರ್ಗ್ ತೋರಿಸುತ್ತಾರೆ. ಅಲ್ಲಿ 1985ರಲ್ಲಿ ಮುಚ್ಚಿದ ಕಬ್ಬಿಣದ ಕಾರ್ಖಾನೆಯನ್ನು ಕೆಡವದೆ ದೊಡ್ಡ ಉದ್ಯಾನ ಮಾಡಿದ್ದಾರೆ. ಜನ ಕುಲುಮೆಯ ಮೇಲೆ ಹತ್ತಿ ಊರು ನೋಡುತ್ತಾರೆ. ಹಳೇ ಗ್ಯಾಸಿನ ಟ್ಯಾಂಕಿಗೆ ನೀರು ತುಂಬಿಸಿ ಆಳಕ್ಕೆ ಮುಳುಗಿ ಈಜುವುದನ್ನು ಕಲಿಸುತ್ತಾರೆ. ಬಹಳ ಒಳ್ಳೆಯದು. ನಮ್ಮ ಹಳೇ ಕುಲುಮೆಯ ಭಾಗಗಳನ್ನೂ ಗುಜರಿಗೆ ಹಾಕಬಾರದು. ಕೆಮ್ಮಣ್ಣುಗುಂಡಿಗೆ ಹೋಗುವ ಪ್ರವಾಸಿಗರು ಅದಿರು ಎಲ್ಲಿಗೆ ಹೋಗುತ್ತಿತ್ತು ಅಂತ ಭದ್ರಾವತಿಗೂ ಬಂದು ನೋಡಲಿ. ಆದರೆ ಅಲ್ಲಿ ನಿಂತು ವಿವರಿಸುವವರು ಯಾರು? ಅದೇ ಕುಲುಮೆಯ ಮುಂದೆ ಬೆವರು ಸುರಿಸಿದವರೇ ಆಗಬೇಕು ಅಲ್ವಾ? ಮತ್ತೆ ಅಲ್ಲಿಗೇ ಬಂದೆವು ನೋಡಿ.

ಕಾಗದ ಕಾರ್ಖಾನೆಯ ಅಕೇಶಿಯಾ ನೆಡುತೋಪುಗಳ ಬಗ್ಗೆ ಮಲೆನಾಡಿನವರಿಗೆ ಸಿಟ್ಟಿದೆ. ಅದು ಸರಿಯಾದ ಸಿಟ್ಟು. ಮತ್ತೆ ಕಾಗದ ಮಾಡುವುದಾದರೆ ಕಾಡು ಕೇಳದ ದಾರಿ ಹುಡುಕಲಿ, ರದ್ದಿ ಕಾಗದದಿಂದ ಮಾಡಲಿ. ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ 2023ರಿಂದ ವಿಮಾನ ಇಳಿಯುತ್ತಿದೆ, ಸಂತೋಷ. ಆದರೆ ವಿಮಾನ ಹತ್ತಿ ಬಂದ ಉದ್ಯಮಿ ಮೊದಲು ಕೇಳುವುದು ಕೆಲಸ ಬಲ್ಲವರು ಇದ್ದಾರಾ ಅಂತ. ಇದ್ದಾರೆ ಅಂತ ಹೇಳಲು ಜನ ಇರಬೇಕು. ಖಾಲಿ ಬಿದ್ದ ಕ್ವಾರ್ಟರ್ಸ್ ವಿಷಯ ಬೇರೆಯೇ ಒಂದು ಭಾಷಣಕ್ಕೆ ಆಗುವಷ್ಟಿದೆ, ಇವತ್ತು ಬೇಡ.

ಕೊನೆಗೆ ಮನೆಯವರಲ್ಲಿ ಒಂದು ಕೋರಿಕೆ. ಭದ್ರಾವತಿಯ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೋ ಮಂಚದ ಕೆಳಗೋ ಒಂದು ತಗಡಿನ ಪೆಟ್ಟಿಗೆ ಇರುತ್ತದೆ. ಅಪ್ಪಂದು ಅಥವಾ ಅಜ್ಜಂದು. ಒಳಗೆ ಸಣ್ಣ ಕರಣೆ, ಕಂಬಿ, ಕ್ಯಾಲಿಪರ್, ಅರ, ತುಕ್ಕು ಹಿಡಿದ ಅಳತೆಪಟ್ಟಿ. ಗುಜರಿಯವರು ಬೀದಿಯಲ್ಲಿ ಕೂಗುತ್ತಾ ಬಂದಾಗ ಅದನ್ನು ಕೊಡಬೇಡಿ. ಈ ಭಾನುವಾರ ಪೆಟ್ಟಿಗೆ ಕೆಳಗಿಳಿಸಿ, ಹಜಾರದಲ್ಲಿ ಒಂದು ಪೇಪರ್ ಹಾಸಿ, ಎಲ್ಲವನ್ನೂ ಹೊರಗೆ ತೆಗೆದಿಡಿ. ಮಗನನ್ನೂ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಜ್ಜನ ಕೈಗೆ ಒಂದೊಂದಾಗಿ ಕೊಟ್ಟು, ಇದು ಯಾತಕ್ಕೆ, ಹೇಗೆ ಹಿಡಿಯುವುದು ಅಂತ ಕೇಳಿ. ಅವರು ಹಿಡಿದು ತೋರಿಸುವಾಗ ಮೊಬೈಲಿನಲ್ಲಿ ಆ ಕೈಯನ್ನು ಚಿತ್ರ ಮಾಡಿಕೊಳ್ಳಿ. ಆಮೇಲೆ ಅದೇ ಕರಣೆಯನ್ನು ಮೊಮ್ಮಗಳ ಕೈಗೆ ಕೊಡಿ.

ನಮಸ್ಕಾರ.